ವಿಭೂತಿ ಬುಧವಾರದ ಊಟ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಗಗನಚುಂಬಿ ಕಟ್ಟಡಗಳನ್ನೂ ಜಲಪಾತಗಳನ್ನೂ ವರ್ಣಿಸುವುದು ವಾಡಿಕೆ. ನಾವು ಇಲ್ಲಿ ಬರೆಯಹೊರಟಿರುವುದು ಒಂದು ಚಿಕ್ಕ ಊಟದ ಮನೆಯ ವಿಷಯ. ಮಠದ ಅನ್ನವನ್ನುಂಡು ಬೆಳೆದವರಿಗೆ ಮೀನು ಮಾಂಸಗಳ ಹೋಟೆಲಿನಲ್ಲಿ ಏನು ಕೆಲಸವೆಂದು ಓದುಗರು ಕೇಳಿದರೆ ತಪ್ಪಿಲ್ಲ. ಅಲ್ಲಿ ಕುಳಿತಿದ್ದಾಗ ನಮ್ಮನ್ನು ನಾವೇ ಅದನ್ನು ಎರಡು ಮೂರು ಸಲ ಕೇಳಿಕೊಂಡಿದ್ದೇವೆ.

2023ರ ಫೆಬ್ರವರಿ ತಿಂಗಳಲ್ಲಿ ನಾವು ಅಮೆರಿಕದ ಲೂಯಿಸಿಯಾನಾ ರಾಜ್ಯದ ಲಾಫಾಯೆಟ್ ಪಟ್ಟಣದಲ್ಲಿ ಹನ್ನೆರಡು ದಿನ ಇದ್ದೆವು. ಮಠದಲ್ಲಿ ನಮ್ಮೊಡನೆ ಓದಿದ ಗುರುಬಂಧುವೊಬ್ಬರ ಮಗಳು ಅಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಯಜಮಾನರು ವೈದ್ಯರು. ಹನ್ನೊಂದು ವರ್ಷದ ಒಬ್ಬನೇ ಮಗ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಇಳಿದ ನಮ್ಮನ್ನು ಅವರು ಕಾರಿನಲ್ಲಿ ಕರೆತಂದರು. ದಾರಿಯಲ್ಲಿ ಅಚಾಫಲಾಯಾ ಎಂಬ ಮಹಾ ಜೌಗುಪ್ರದೇಶವನ್ನು ದಾಟಬೇಕು. ನೀರಿನಲ್ಲಿಯೇ ನಿಂತು ಬೆಳೆದ ಸೈಪ್ರೆಸ್ ಮರಗಳ ನಡುವೆ ಸುಮಾರು 29 ಕಿಲೋಮೀಟರು ಉದ್ದದ ಸೇತುವೆ. 1973ರಲ್ಲಿ ಸಂಚಾರಕ್ಕೆ ತೆರೆದದ್ದು. ಅರ್ಧ ಗಾವುದಕ್ಕೂ ಮಿಗಿಲಾಗಿ ನೀರಿನ ಮೇಲೆಯೇ ಸಾಗಿದರೂ ನೀರು ಹರಿಯುತ್ತಿದೆಯೋ ನಿಂತಿದೆಯೋ ಎಂದು ಗೊತ್ತಾಗಲಿಲ್ಲ. ಅಲ್ಲಿಯವರು ಇಂತಹ ಮಂದಗಾಮಿ ಹಳ್ಳಗಳಿಗೆ ‘ಬಾಯೂ’ ಎನ್ನುತ್ತಾರೆ.

ಮಹಾಶಿವರಾತ್ರಿ ಆ ವರ್ಷ ಫೆಬ್ರವರಿ 18ರ ಶನಿವಾರ ಬಂದಿತ್ತು. ಮನೆಯಲ್ಲಿಯೇ ಪೂಜೆ, ಜಾಗರಣೆ ನಡೆದವು. ಹುಡುಗನೂ ನಿದ್ದೆ ತೂಗುತ್ತ ಒಂದು ಗಂಟೆಯವರೆಗೆ ಕುಳಿತಿದ್ದ. ಅವನಿಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ. ‘ಅಜ್ಜಾ’, ‘ಸಾಕು’, ‘ಬ್ಯಾಡ’ ಎಂಬ ಮೂರು ಶಬ್ದಗಳನ್ನು ಮಾತ್ರ ನಾಲಗೆ ತೊಡರದೆ ಆಡುತ್ತಿದ್ದ. ಇದಕ್ಕಿಂತ ನಮ್ಮನ್ನು ಅಚ್ಚರಿಗೊಳಿಸಿದ ಸಂಗತಿಯೆಂದರೆ ಅವನು ಫ್ರೆಂಚ್ ಭಾಷೆಯನ್ನು ಸರಾಗವಾಗಿ ಮಾತನಾಡುತ್ತಿದ್ದುದು. ಅವನು ಕಲಿಯುವ ಸರಕಾರಿ ಶಾಲೆಯಲ್ಲಿ ಗಣಿತ ವಿಜ್ಞಾನಗಳನ್ನೂ ಫ್ರೆಂಚಿನಲ್ಲಿಯೇ ಕಲಿಸುತ್ತಾರಂತೆ. ಅಮೆರಿಕದಲ್ಲಿ ಫ್ರೆಂಚ್ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಊಟದ ಮನೆಯಲ್ಲಿ ಸಿಕ್ಕಿತು.

ಅಲ್ಲಿಗೆ ಹೋಗೋಣವೆಂದು ಹಟ ಹಿಡಿದವನೂ ಆ ಹುಡುಗನೇ. ಅದು ಅವನ ಸಹಪಾಠಿಯ ಅಜ್ಜಿ ನಡೆಸುವ ಹೋಟೆಲು. ಮನೆಯಿಂದ ಎರಡು ಬೀದಿ ಆಚೆ. ತಾಯಿ ಮಾತ್ರ ಹಿಂಜರಿದಳು.

“ಕಾಕಾ, ಅಲ್ಲಿ ಕಾಯಿಪಲ್ಯೆದಾಗೂ ಅದನ್ನ ಹಾಕಿರ್ತಾರ್ರಿ. ನೀವು ಏನ್ ಉಣ್ತೀರಿ?”

“ನೋಡೋಣಲ್ಲವಾ. ಅನ್ನ ಅಂತೂ ಇರ್ತದಲ್ಲ” ಎಂದೆವು. ಮಗುವಿನ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಾಗಲಿಲ್ಲ.

ಸೋಮವಾರ ಮಧ್ಯಾಹ್ನ ಹೋದೆವು. ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲದಿಂದ ಎತ್ತರಿಸಿ ಕಟ್ಟಿದ ಮರದ ಮನೆ. ತಗಡಿನ ಮಾಡು. ಮುಂದೆ ನಮ್ಮ ಕಡೆಯ ಪಡಸಾಲೆಯಂತೆ ಉದ್ದನೆಯ ಜಗಲಿ, ಅದರಲ್ಲಿ ತೂಗುಕುರ್ಚಿಗಳು, ನೊಣ ಬಾರದಂತೆ ಜಾಲರಿ ಹಾಕಿದ ಬಾಗಿಲು. ಒಳಗೆ ಹತ್ತು ಹನ್ನೆರಡು ಮೇಜು, ಅವುಗಳ ಮೇಲೆ ಬಟ್ಟೆಯ ಬದಲು ಕಂದು ಕಾಗದ. ಪ್ರತಿ ಮೇಜಿನ ನಡುವೆ ಕೆಂಪು ಮೆಣಸಿನಕಾಯಿಯ ದ್ರವದ ಸೀಸೆ. ಗೋಡೆಗೆ ಒಂದು ಹಳೆಯ ಅಕಾರ್ಡಿಯನ್ ವಾದ್ಯ, ಏಸುವಿನ ಪಟ, ಮನೆತನದ ನಾಲ್ಕು ತಲೆಮಾರಿನ ಛಾಯಾಚಿತ್ರಗಳು. ಬಡಿಸುವ ಹೆಣ್ಣುಮಗಳು ಬಂದವರನ್ನೆಲ್ಲ ‘ಶಾ’, ‘ಶಾ’ ಎಂದು ಕರೆಯುತ್ತಿದ್ದಳು. ಪ್ರಿಯನೇ ಎಂಬರ್ಥದ ಫ್ರೆಂಚ್ ಶಬ್ದವು ಸವೆದು ಹಾಗಾಗಿದೆಯೆಂದು ಹುಡುಗ ವಿವರಿಸಿದ. ಪಕ್ಕದ ಮೇಜಿನಲ್ಲಿ ಒಂದು ಕುಟುಂಬವು ಬೇಯಿಸಿದ ಕ್ರಾಫಿಶ್ ರಾಶಿಯನ್ನು ಕಾಗದದ ಮೇಲೆ ಸುರಿದುಕೊಂಡು ಕುಳಿತಿತ್ತು. ಸಿಹಿನೀರಿನಲ್ಲಿ ಬೆಳೆಯುವ, ಏಡಿಯ ಕುಲಕ್ಕೆ ಸೇರಿದ ಕೆಂಪು ಜಂತು ಅದು. ತಲೆಯನ್ನು ತಿರುವಿ ತೆಗೆಯುವ ಸದ್ದು ನಮ್ಮ ಕಿವಿಗೆ ಬೀಳುತ್ತಿತ್ತು. ನಾವು ಮುಖವನ್ನು ಕಿಟಕಿಯ ಕಡೆಗೆ ಮಾಡಿ ಕುಳಿತೆವು. ಅದು ಸೌಜನ್ಯವಲ್ಲವೆಂದು ಆಗ ಹೊಳೆಯಲಿಲ್ಲ.

ಆ ಮೇಲೆ ನಮ್ಮ ವಿಚಾರಣೆ ಆರಂಭವಾಯಿತು. ಸೋಮವಾರವಾದ್ದರಿಂದ ಕೆಂಪು ಬೀನ್ಸ್ ಕಾಳಿನ ಪಲ್ಯವೂ ಅನ್ನವೂ ಇತ್ತು. ಸೋಮವಾರ ಬಟ್ಟೆ ಒಗೆಯುವ ದಿನವಾದ್ದರಿಂದ ಒಲೆಯ ಮೇಲೆ ಕಾಳಿಟ್ಟು ಮರೆಯಬಹುದೆಂದು ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಪದ್ಧತಿ ಅದಂತೆ. ಕಾಳು ತಾನೆ ಎಂದು ಹಿಗ್ಗಿದೆವು. ಅದರಲ್ಲಿ ಹಂದಿಯ ಮಾಂಸದ ತುಂಡುಗಳಿದ್ದವು. ಸೊಪ್ಪು? ಅದನ್ನು ಹಂದಿಯ ಮೂಳೆಯೊಡನೆ ಕುದಿಸುತ್ತಾರೆ. ಗೋವಿನಜೋಳದ ಪಲ್ಯ? ಅದಕ್ಕೂ ಒಗ್ಗರಣೆ ಕೊಬ್ಬಿನದು. ಕರಿದ ಆಲೂಗಡ್ಡೆ? ಸೀಗಡಿ ಕರಿದ ಎಣ್ಣೆಯೇ. ಜೋಳದ ಹಿಟ್ಟಿನ ಬ್ರೆಡ್ಡಿನಲ್ಲಿ ಮೊಟ್ಟೆ. ಗಂಬೋ ಎಂಬ ಅವರ ಸುಪ್ರಸಿದ್ಧ ಸಾರಿನ ವಿಷಯ ಕೇಳುವ ಅಗತ್ಯವೇ ಬೀಳಲಿಲ್ಲ. ಬಡಿಸುವವಳು ಸಹನಶೀಲೆ, ಪ್ರತಿಯೊಂದಕ್ಕೂ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳಿದಳು. ಕೊನೆಗೆ ಬಿಳಿಯ ಅನ್ನ, ಸುಟ್ಟ ಗೆಣಸು, ಬೆಣ್ಣೆ, ಕಬ್ಬಿನ ಪಾಕ ಇಷ್ಟು ನಮ್ಮ ಪಾಲಿಗೆ ಬಂದವು.

ಅರೆಹೊಟ್ಟೆಯ ಊಟವೆಂದು ಓದುಗರು ಮರುಗಬೇಕಾಗಿಲ್ಲ. ಆ ಗೆಣಸು ನಮ್ಮ ಕಡೆಯದಕ್ಕಿಂತ ಕೆಂಪು, ಕೆನೆಯಂತೆ ಮೆದು. ಲೂಯಿಸಿಯಾನಾ ಗೆಣಸಿಗೆ ಹೆಸರಾದ ನಾಡು. ಕಬ್ಬಿನ ಪಾಕವಂತೂ ನಮ್ಮ ಆಲೆಮನೆಯ ಜೋನಿಬೆಲ್ಲದ ಸೋದರ. ಆ ಸೀಮೆಯ ಬಾಯೂಗಳ ದಂಡೆಗುಂಟ ಕಬ್ಬಿನ ತೋಟಗಳಿವೆ. 1795ರಷ್ಟು ಹಿಂದೆಯೇ ಎತಿಯೆನ್ ದ ಬೋರೆ ಎಂಬಾತ ಅಲ್ಲಿಯ ಕಬ್ಬಿನಿಂದ ಹರಳು ಸಕ್ಕರೆಯನ್ನು ತೆಗೆದು ಆ ಉದ್ಯಮಕ್ಕೆ ನಾಂದಿ ಹಾಡಿದ. ಅದರ ಹಿಂದೆ ಆಫ್ರಿಕದ ಗುಲಾಮರ ಬೆವರು ಎಷ್ಟು ಹರಿಯಿತೆಂಬುದನ್ನೂ ಸೇರಿಸಿಯೇ ಹೇಳಬೇಕು.

ಆದರೆ ಹುಡುಗನಿಗೆ ನಾಚಿಕೆಯಾಗಿತ್ತು. ನಮ್ಮ ಒಂದೊಂದು ಪ್ರಶ್ನೆಗೂ ಅವನ ತಲೆ ಒಂದೊಂದು ಅಂಗುಲ ಕೆಳಗಿಳಿಯಿತು.

ಅಷ್ಟರಲ್ಲಿ ಒಳಗಿನಿಂದ ಮನೆಯೊಡತಿ ಬಂದರು. ಎಂಬತ್ತೆರಡು ವರ್ಷದ ಕೃಶ ಶರೀರ, ಬೆಳ್ಳಗಿನ ಕೂದಲು, ಸೊಂಟಕ್ಕೆ ಹಿಟ್ಟು ಮೆತ್ತಿದ ಅಡಿಗೆಯ ಬಟ್ಟೆ. ತಮ್ಮ ಮನೆಯಲ್ಲಿ ಕೇವಲ ಅನ್ನವನ್ನುಣ್ಣುತ್ತಿರುವವರು ಯಾರೆಂದು ನೋಡಲು ಬಂದಿದ್ದರಂತೆ. ನಮ್ಮ ಹಣೆಯ ವಿಭೂತಿಯನ್ನೂ ಧೋತರವನ್ನೂ ನೋಡಿ ತಲೆಬಾಗಿದರು. ಅನಂತರ ಹುಡುಗನ ಬೆನ್ನು ಚಪ್ಪರಿಸಿ, ಇವನು ಮಾತ್ರ ನನ್ನ ಕ್ರಾಫಿಶ್ ಎಟುಫೆಯನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುವ ಜಾಣ ಎಂದು ನಕ್ಕರು.

ಅವರದು ನಿಷ್ಕಪಟ ವಾತ್ಸಲ್ಯದ ಮಾತು. ನಮ್ಮ ಮೇಜಿನಲ್ಲಿ ಯಾರೂ ನಗಲಿಲ್ಲ. ತಾಯಿಯ ಕೈಯಲ್ಲಿದ್ದ ಚಮಚ ಹಾಗೆಯೇ ನಿಂತಿತು. ಅಳಿಯಂದಿರು ನೀರು ಕುಡಿದರು. ಹುಡುಗನ ಕಿವಿ ಕೆಂಪಾದವು. ತಮ್ಮ ಮಾತಿನಿಂದ ಏನೋ ಮುರಿಯಿತೆಂದು ಆ ವೃದ್ಧೆಗೂ ತಿಳಿದಿರಬೇಕು. ಮೇಜಿನ ಅಂಚನ್ನು ಒರೆಸುವ ನೆಪ ಮಾಡಿಕೊಂಡು ಹೊರಟುಹೋದರು.

ರಾತ್ರಿ ಮಗಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅತ್ತಳು. “ನೀವ ಅವಂಗ ಬುದ್ಧಿ ಹೇಳ್ರಿ ಕಾಕಾ. ನನ್ನ ಮಾತು ಕೇಳೂದಿಲ್ಲ. ದೇವರ ಮುಂದ ಕುಂತು ಬಂದು ಅಲ್ಲಿ ಹೋಗಿ ತಿಂದಾನ. ಅಪ್ಪಾಗ ಗೊತ್ತಾದ್ರ ಏನ್ ಅಂದಾರು?”

ನಾವು ಹುಡುಗನ ಬಳಿ ಹೋಗಿ ಕುಳಿತೆವು. ಉಪದೇಶ ಮಾಡಿ ನಮಗೆ ನಲವತ್ತು ವರ್ಷದ ಅಭ್ಯಾಸ. ಆ ರಾತ್ರಿ ಮಾತ್ರ ಬಾಯಿ ಬರಲಿಲ್ಲ. ಕಾರಣವಿತ್ತು. ನಾವು ಅವನ ವಯಸ್ಸಿನಲ್ಲಿ ಮಠದಲ್ಲಿದ್ದಾಗ, ಕಂತಿಭಿಕ್ಷೆಗೆಂದು ಹಳ್ಳಿ ತಿರುಗುತ್ತ ಒಂದು ದಿನ ಜೊತೆಯವರಿಂದ ತಪ್ಪಿಸಿಕೊಂಡು, ಹಸಿವು ತಾಳದೆ, ಉಣ್ಣಬಾರದ ಮನೆಯೊಂದರಲ್ಲಿ ಏನೆಂದು ಕೇಳದೆ ಉಂಡೆವು. ಮೂರು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊನೆಗೆ ಗುರುಗಳ ಮುಂದೆ ಹೇಳಿದಾಗ ಅವರು ಕೇಳಿದ್ದು ಒಂದೇ: “ಹಸಿವು ಹೋಯಿತೇನಪಾ?” ನಮ್ಮ ಮಡದಿಗೂ ಹೇಳದಿದ್ದ ಆ ಸಂಗತಿಯನ್ನು ನಾವು ಆ ಹುಡುಗನಿಗೆ ಹೇಳಿದೆವು. ಅವನು ಇಂಗ್ಲಿಷಿನಲ್ಲಿ, ನಿಮಗೆ ಹಸಿವಾಗಿತ್ತು, ನನಗೆ ಹಸಿವಾಗಿರಲಿಲ್ಲ, ಎಲ್ಲರೂ ತಿನ್ನುತ್ತಿದ್ದರು ಎಂದ. ಎಷ್ಟು ಪ್ರಾಮಾಣಿಕ ಉತ್ತರ! ಸ್ವಲ್ಪ ಹೊತ್ತಿನ ಮೇಲೆ, ನೀವೇಕೆ ಅಷ್ಟೊಂದು ಕೇಳುತ್ತೀರಿ ಎಂದು ಕೇಳಿದ. ತಿಳಿಯದೆ ಉಂಡ ಆ ಒಂದು ಊಟದ ನೆನಪಿಗಾಗಿ ಎಂದೆವು.

ಮರುದಿನ ಮಂಗಳವಾರ, ಅವರ ಮಾರ್ಡಿ ಗ್ರಾ ಹಬ್ಬ. ನಲವತ್ತು ದಿನದ ಉಪವಾಸಕಾಲ ಆರಂಭವಾಗುವ ಮುನ್ನ ಉಂಡು ಕುಣಿದು ತಣಿಯುವ ದಿನ. ನಗರಗಳಲ್ಲಿ ಮಣಿಸರಗಳನ್ನು ಎರಚುವ ಮೆರವಣಿಗೆಗಳು ಲೋಕಪ್ರಸಿದ್ಧ. ಅವುಗಳ ವಿಷಯ ಬರೆಯಲು ಬೇರೆಯವರಿದ್ದಾರೆ. ಅಳಿಯಂದಿರು ನಮ್ಮನ್ನು ಯೂನಿಸ್ ಎಂಬ ಊರಿನ ಕಡೆಯ ಹಳ್ಳಿಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಮುಖವಾಡ ಹಾಕಿ, ಚೂಪು ಟೊಪ್ಪಿಗೆಯಿಟ್ಟು, ಚಿಂದಿಬಟ್ಟೆಯ ವೇಷ ತೊಟ್ಟ ಕುದುರೆ ಸವಾರರ ತಂಡವು ಮನೆಯಿಂದ ಮನೆಗೆ ಹೋಗಿ ಹಾಡಿ ಕುಣಿದು, ಸಂಜೆಯ ಸಾಮೂಹಿಕ ಗಂಬೋ ಸಾರಿಗೆ ಬೇಕಾದ ಅಕ್ಕಿ, ಉಳ್ಳಾಗಡ್ಡಿ, ಕೋಳಿ ಮೊದಲಾದವನ್ನು ಬೇಡಿ ತರುತ್ತದೆ. ಕೋಳಿ ಹಿಡಿಯುವ ಗದ್ದಲದಲ್ಲಿ ನಮಗೆ ರುಚಿಯಿರಲಿಲ್ಲ. ಆದರೆ ಒಬ್ಬ ಸವಾರ ಮಂಡಿಯೂರಿ ಮನೆಯೊಡತಿಯ ಮುಂದೆ ಕೈಯೊಡ್ಡಿದಾಗ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಬಿಸಿಲಲ್ಲಿ ಬಾಗಿಲ ಬಾಗಿಲಿಗೆ ನಿಲ್ಲುತ್ತಿದ್ದ ನಮ್ಮ ಬಾಲ್ಯವೇ ಕಣ್ಣ ಮುಂದೆ ಬಂತು. ಊರ ಜೋಳ ಮಠಕ್ಕೆ ಬಂದು ಊರಿಗೇ ಅನ್ನವಾಗುತ್ತಿತ್ತು. ಇಲ್ಲಿಯೂ ಸಂಜೆ ಕೊಟ್ಟವರೂ ಬೇಡಿದವರೂ ಒಂದೇ ಹಂಡೆಯಿಂದ ಉಣ್ಣುತ್ತಾರೆ.

ಈ ಜನ ಯಾರೆಂಬುದನ್ನು ಇಲ್ಲಿ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೊರಟ ರೈತರು ಇಂದಿನ ಕೆನಡಾದ ನೋವಾ ಸ್ಕೋಶಿಯಾ ಸೀಮೆಯಲ್ಲಿ ನೆಲೆಸಿದರು. ಆ ನಾಡಿಗೆ ಅಕೇಡಿಯಾ ಎಂದು ಹೆಸರು. ಸಮುದ್ರದ ಉಬ್ಬರಕ್ಕೆ ಒಡ್ಡು ಕಟ್ಟಿ ಉಪ್ಪುನೆಲವನ್ನು ಹೊಲ ಮಾಡಿದ ಶ್ರಮಜೀವಿಗಳವರು. 1713ರ ಉಟ್ರೆಕ್ಟ್ ಒಪ್ಪಂದದಿಂದ ಆ ನಾಡು ಆಂಗ್ಲರ ಕೈಸೇರಿತು. ಬ್ರಿಟಿಷ್ ದೊರೆಗೆ ಯಾವ ಷರತ್ತೂ ಇಲ್ಲದ ನಿಷ್ಠೆಯ ಪ್ರಮಾಣ ಮಾಡಲು ಇವರು ಒಪ್ಪಲಿಲ್ಲ. ನಾವು ಯಾರ ಪರವಾಗಿಯೂ ಆಯುಧ ಹಿಡಿಯೆವು ಎಂಬುದು ಇವರ ನಿಲುವು. 1755ರ ಸೆಪ್ಟೆಂಬರ್ 5ರಂದು ಗ್ರಾಂಪ್ರೆ ಎಂಬ ಊರಿನ ಚರ್ಚಿಗೆ 418 ಗಂಡಸರನ್ನೂ ಹುಡುಗರನ್ನೂ ಕರೆಸಿ, ಬಾಗಿಲು ಹಾಕಿ, ನಿಮ್ಮ ಭೂಮಿ, ಮನೆ, ದನಕರುಗಳೆಲ್ಲ ದೊರೆಯ ಸ್ವತ್ತಾಗಿವೆ, ನಿಮ್ಮನ್ನು ಗಡಿಪಾರು ಮಾಡಲಾಗಿದೆ ಎಂಬ ಆಜ್ಞೆಯನ್ನು ಓದಿದರು. ಹಡಗು ಹತ್ತಿಸುವಾಗ ಎಷ್ಟೋ ಸಂಸಾರಗಳು ಒಡೆದುಹೋದವು. 1763ರವರೆಗೆ ನಡೆದ ಈ ಕಾರ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಹಡಗು ಮುಳುಗಿ, ಸಿಡುಬು ತಗುಲಿ ಸತ್ತವರು ಸಾವಿರಾರು. ಅಲೆದಲೆದು ಉಳಿದವರಲ್ಲಿ ಕೆಲವರು 1764–65ರಿಂದ ಲೂಯಿಸಿಯಾನಾಕ್ಕೆ ಬರತೊಡಗಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದು ಸೇರಿದರು. ಅಕೇಡಿಯನ್ ಎಂಬುದು ಆಡುನುಡಿಯಲ್ಲಿ ‘ಕಾಡಿಯೆನ್’ ಆಗಿ, ಇಂಗ್ಲಿಷರ ಬಾಯಲ್ಲಿ ‘ಕೇಜನ್’ ಆಯಿತು. ಆ ಗಡಿಪಾರಿನ ಅನ್ಯಾಯವನ್ನು ಬ್ರಿಟನ್ನಿನ ರಾಣಿಯ ಹೆಸರಿನಲ್ಲಿ ಅಧಿಕೃತವಾಗಿ ಒಪ್ಪಿಕೊಂಡದ್ದು 2003ರಲ್ಲಿ. ಎರಡೂವರೆ ಶತಮಾನ ಬೇಕಾಯಿತು.

ಅವರ ಅಡಿಗೆಯೂ ಇಂತಹ ಅಲೆದಾಟದ ಫಲ. ತಣ್ಣನೆಯ ನಾಡಿನ ರೈತರು ಸೆಕೆಯ ಜೌಗಿಗೆ ಬಂದಾಗ ಸಿಕ್ಕಿದ್ದನ್ನು ಉಂಡು ಬದುಕಬೇಕಾಯಿತು. ಗಂಬೋ ಎಂಬ ಹೆಸರು ಬೆಂಡೆಕಾಯಿಗೆ ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ನುಡಿಗಳಲ್ಲಿರುವ ಶಬ್ದದಿಂದ ಬಂದದ್ದೆನ್ನುತ್ತಾರೆ. ಸಾರನ್ನು ಗಟ್ಟಿಗೊಳಿಸಲು ಹಾಕುವ ಸಾಸಫ್ರಾಸ್ ಎಲೆಯ ಪುಡಿಯನ್ನು ಚೋಕ್ಟಾ ಎಂಬ ಮೂಲನಿವಾಸಿಗಳು ಕಲಿಸಿದರು. ಉಳ್ಳಾಗಡ್ಡಿ, ದೊಣ್ಣೆಮೆಣಸು, ಸೆಲರಿ ಎಂಬ ದಂಟು ಈ ಮೂರನ್ನು ಹೆಚ್ಚಿ ಹಾಕದೆ ಯಾವ ಅಡಿಗೆಯೂ ಆರಂಭವಾಗದು. ಈ ಮೂರಕ್ಕೆ ಅವರು ತಮ್ಮ ಧರ್ಮದ ಪವಿತ್ರ ತ್ರಯದ ಹೆಸರನ್ನೇ ಇಟ್ಟಿದ್ದಾರೆ. ಇನ್ನು ‘ರೂ’ ಎಂಬುದು ಗೋಧಿಹಿಟ್ಟನ್ನು ಸಮತೂಕದ ಎಣ್ಣೆಯಲ್ಲಿ ಕೈಬಿಡದೆ ತಿರುವುತ್ತ ಮುಕ್ಕಾಲು ಗಂಟೆ ಹುರಿದು ಕಡುಗಂದು ಬಣ್ಣಕ್ಕೆ ತರುವ ಕ್ರಿಯೆ. ಸ್ವಲ್ಪ ಸೀದರೂ ಎಲ್ಲವನ್ನೂ ಚೆಲ್ಲಿ ಹೊಸದಾಗಿ ಹಿಡಿಯಬೇಕು. ತಂಬಿಟ್ಟಿಗೆ ಹಿಟ್ಟು ಹುರಿದು ಬಲ್ಲ ನಮ್ಮ ತಾಯಂದಿರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಕ್ರಾಫಿಶ್ ವಿಷಯದಲ್ಲಿಯೂ ಒಂದು ಮಾತು. ಅದು ಭತ್ತದ ಗದ್ದೆಯ ಎರಡನೆಯ ಬೆಳೆ. ಬೇಸಗೆಯ ಕೊನೆಗೆ ಭತ್ತ ಕೊಯ್ದು, ಶರತ್ಕಾಲದಲ್ಲಿ ಗದ್ದೆಗೆ ಮತ್ತೆ ನೀರು ತುಂಬುತ್ತಾರೆ. ಕೊಳೆಯುವ ಕೂಳೆಯನ್ನು ಆಶ್ರಯಿಸಿ ಇವು ಬೆಳೆಯುತ್ತವೆ. ಚಳಿಗಾಲದಿಂದ ಬೇಸಗೆಯ ಆರಂಭದವರೆಗೆ ಹಿಡಿಯುತ್ತಾರೆ. ಹಿಂದೆ ಬಡವರ ಆಹಾರವೆಂದು ಮರೆಮಾಚಿ ತಿನ್ನುತ್ತಿದ್ದುದು ಈಗ ಹೆಮ್ಮೆಯ ಗುರುತಾಗಿದೆ. ಕೇಜನ್ ಅಡಿಗೆಯನ್ನು ಲೋಕಕ್ಕೆ ಹರಡಿದವನು ಪಾಲ್ ಪ್ರುಡೋಮ್ ಎಂಬ ಪಾಕಪ್ರವೀಣ (1940–2015). ಅವನು 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ತೆರೆದ ಹೋಟೆಲಿನಿಂದ ಆ ಹೆಸರು ಎಷ್ಟು ದೂರ ಹಬ್ಬಿತೆಂದರೆ, ಬೆಂಗಳೂರಿನ ಹೋಟೆಲುಗಳಲ್ಲಿ ಇಂದು ಕೇಜನ್ ಆಲೂಗಡ್ಡೆ ಎಂಬ ತಿನಿಸು ದೊರೆಯುತ್ತದೆ. ಬಾಯಿ ಸುಡುವ ಖಾರವೇ ಕೇಜನ್ ಎಂಬ ಭ್ರಮೆಯೂ ಜೊತೆಗೇ ಹಬ್ಬಿದೆ. ನಾವು ಮೇಜಿನ ಸೀಸೆಯಿಂದ ಹನಿಸಿಕೊಂಡ ಮೆಣಸಿನ ದ್ರವ ಹುಳಿಯೇ ಮುಂದಾದದ್ದು. ನಮ್ಮ ಮನೆಯ ರಂಜಕದ ಮುಂದೆ ಅದು ಬಾಲಕ.

ಬುಧವಾರ ಬೆಳಿಗ್ಗೆ ಹುಡುಗನೇ ಬಂದು, ಅಜ್ಜಾ, ಇಂದು ಮಧ್ಯಾಹ್ನ ಮತ್ತೆ ಅಲ್ಲಿಗೆ ಹೋಗಬೇಕು, ನಿಮ್ಮನ್ನು ಕರೆದಿದ್ದಾರೆ ಎಂದ. ಹಿಂದಿನ ಸಂಜೆ ಅವನೊಬ್ಬನೇ ಹೋಗಿ ಆ ಅಜ್ಜಿಯೊಡನೆ ಫ್ರೆಂಚಿನಲ್ಲಿ ಏನೇನೋ ಮಾತನಾಡಿ ಬಂದಿದ್ದನಂತೆ. ತಾಯಿ ನಮ್ಮ ಮುಖ ನೋಡಿದಳು. ನಾವು ಹೊರಟೆವು.

ಜಾಲರಿಯ ಬಾಗಿಲು ತೆರೆದು ಒಳಗೆ ಕಾಲಿಟ್ಟವರು ಒಂದು ಕ್ಷಣ ನಿಂತುಬಿಟ್ಟೆವು. ಅಲ್ಲಿ ಕುಳಿತ ಎಲ್ಲರ ಹಣೆಯಲ್ಲಿಯೂ ಬೂದಿ! ಬಡಿಸುವವಳ ಹಣೆಯಲ್ಲಿ, ಮಕ್ಕಳ ಹಣೆಯಲ್ಲಿ, ಗಲ್ಲಾಪೆಟ್ಟಿಗೆಯ ಮುಂದಿದ್ದ ದಢೂತಿ ಮನುಷ್ಯನ ಹಣೆಯಲ್ಲಿ ಕಪ್ಪು ಬೂದಿಯ ಶಿಲುಬೆ. ಅಂದು ಅವರ ಉಪವಾಸಕಾಲದ ಮೊದಲ ದಿನ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಪೂಜೆಗೊಂಡ ತಾಳೆಗರಿಗಳನ್ನು ಸುಟ್ಟು, ಆ ಬೂದಿಯನ್ನು ಪಾದ್ರಿಗಳು ಹಣೆಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದವನು ಮಣ್ಣಿಗೆ ಹೋಗುವವನೆಂದು ನೆನಪಿಸುವುದಕ್ಕಾಗಿ. ಆ ದಿನವನ್ನು ನಾವು ವಿಭೂತಿ ಬುಧವಾರವೆಂದು ಕರೆದರೆ ತಪ್ಪಾಗದು. ಪಕ್ಕದ ಮೇಜಿನ ಮುದುಕರೊಬ್ಬರು ನಮ್ಮ ಮೂರು ಬೆರಳಿನ ಬಿಳಿಯ ವಿಭೂತಿಯನ್ನು ಬಹಳ ಹೊತ್ತು ನೋಡಿ, ನೀವು ಯಾವ ಚರ್ಚಿಗೆ ಹೋಗಿದ್ದಿರಿ, ಅಲ್ಲಿಯ ಪಾದ್ರಿಗಳು ಧಾರಾಳಿಗಳು ಎಂದರು. ಸಭೆಯೆಲ್ಲ ನಕ್ಕಿತು. ಹುಡುಗ ಎದ್ದುನಿಂತು, ಅದು ಗೋಮಯದಿಂದ ಮಾಡಿದ್ದು, ಇವರು ದಿನವೂ ಹಚ್ಚುತ್ತಾರೆ ಎಂದು ವಿವರಿಸಿದ. ದಿನವೂ ಎಂಬ ಮಾತಿಗೆ ಆ ಮುದುಕರು ಟೊಪ್ಪಿಗೆ ತೆಗೆದರು.

ಬೂದಿಯ ದಿನವೂ ಮುಂದಿನ ಶುಕ್ರವಾರಗಳಂದೂ ಅವರು ಮಾಂಸ ಮುಟ್ಟುವುದಿಲ್ಲ. ಬಡಿಸುವವಳು ಸಂಭ್ರಮದಿಂದ, ಇಂದು ನೀವು ಅದೃಷ್ಟವಂತರು, ಮಾಂಸವೇ ಇಲ್ಲ, ಸೀಗಡಿ, ಕ್ರಾಫಿಶ್, ಮೀನು ಏನು ಬೇಕಾದರೂ ಉಣ್ಣಬಹುದು ಎಂದಳು. ಮೀನು ಮಾಂಸವಲ್ಲವೆಂಬುದು ಅವರ ಶಾಸ್ತ್ರ. ಮೊಸಳೆಯ ಜಾತಿಯ ಆಲಿಗೇಟರ್ ಕೂಡ ಈ ವಿಷಯದಲ್ಲಿ ಮೀನಿನ ಪಂಗಡಕ್ಕೆ ಸೇರಿದ್ದೆಂದು 2010ರಲ್ಲಿ ನ್ಯೂ ಆರ್ಲಿಯನ್ಸಿನ ಆರ್ಚ್‌ಬಿಷಪ್ಪರು ಅಪ್ಪಣೆ ಕೊಟ್ಟಿದ್ದಾರಂತೆ! ಎಲ್ಲ ಧರ್ಮಗಳ ಪಂಡಿತರಿಗೂ ಇಂತಹ ಪ್ರಶ್ನೆಗಳು ಬರುತ್ತವೆ. ಪಂಡಿತರಾದ ನಾವು ನಗುವ ಹಾಗಿಲ್ಲ.

ಆದರೆ ಮನೆಯೊಡತಿಯ ವ್ಯವಸ್ಥೆ ಬೇರೆಯೇ ಇತ್ತು. ಹೋಟೆಲಿನ ಒಲೆಯ ಮೇಲಲ್ಲ, ಹಿತ್ತಿಲಿನ ತಮ್ಮ ಸ್ವಂತ ಮನೆಯಲ್ಲಿ, ಹೊಸ ಪಾತ್ರೆಯಲ್ಲಿ ನಮಗಾಗಿ ಅಡಿಗೆ ಮಾಡಿದ್ದರು. ಬಿಳಿಯ ಅವರೆಯನ್ನು ಹೋಲುವ ಕಾಳು, ಬೆಣ್ಣೆಯಲ್ಲಿ ಬಾಡಿಸಿದ ಮೂರು ತರಕಾರಿಯೊಡನೆ. ಟೊಮ್ಯಾಟೊ ಹಾಕಿ ಲೋಳೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿದ ಬೆಂಡೆಕಾಯಿ. ಅನ್ನ. ಇವುಗಳಲ್ಲದೆ ಎರಕದ ಕಬ್ಬಿಣದ ಬಾಣಲೆಯಲ್ಲಿ ಹೊಗೆಯಾಡುವ ‘ಕುಶ್‌ಕುಶ್’. ಗೋವಿನಜೋಳದ ರವೆಗೆ ನೀರು, ಉಪ್ಪು ಬೆರೆಸಿ, ಎಣ್ಣೆ ಕಾದ ಬಾಣಲೆಯಲ್ಲಿ ತಳ ಹಿಡಿಸಿ, ಕೆದಕಿ ಕೆದಕಿ ಉದುರು ಮಾಡಿ, ಮೇಲೆ ಹಾಲು ಮತ್ತು ಕಬ್ಬಿನ ಪಾಕ ಸುರಿದು ಉಣ್ಣುವುದು. ಬಡ ರೈತರ ಬೆಳಗಿನ ಉಪಾಹಾರವದು. ಒಂದು ತುತ್ತು ಬಾಯಿಗಿಟ್ಟೆವು. ಹಾಲು ಬೆಲ್ಲ ಹಾಕಿದ ನುಚ್ಚು! ತಳದ ಹೊರೆಯ ಘಮಲು ಕೂಡ ಹಾಗೆಯೇ. ನಮ್ಮ ತಾಯಿ ತೀರಿಕೊಂಡ ಮೇಲೆ ಆ ರುಚಿಯನ್ನು ನಾವು ಕಂಡಿರಲಿಲ್ಲ. ಸ್ವಲ್ಪ ಹೊತ್ತು ಮಾತನಾಡಲಾಗಲಿಲ್ಲ.

ಅಜ್ಜಿ ಎದುರಿಗೆ ಕುಳಿತು ತಮ್ಮ ಕಥೆ ಹೇಳಿದರು. ಅರ್ಧ ಇಂಗ್ಲಿಷ್, ಅರ್ಧ ಫ್ರೆಂಚ್. ಫ್ರೆಂಚಿನ ಭಾಗವನ್ನು ಹುಡುಗ ಇಂಗ್ಲಿಷಿಗೆ, ಅವನ ತಾಯಿ ಕನ್ನಡಕ್ಕೆ ತಿರುಗಿಸಿದರು. ಆ ರಾಜ್ಯದ 1921ರ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂದು ವಿಧಿಸಿತ್ತು. ಇವರು ಆರನೆಯ ವಯಸ್ಸಿನಲ್ಲಿ ಶಾಲೆಗೆ ಹೋದಾಗ ಇಂಗ್ಲಿಷಿನ ಒಂದು ಶಬ್ದವೂ ಬರುತ್ತಿರಲಿಲ್ಲ. ಮೊದಲನೆಯ ವಾರವೇ, ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುವ ಮಾತು ತಿಳಿಯದೆ, ತಿಳಿದ ಮಾತನ್ನು ಆಡಲು ಹೆದರಿ, ಕುಳಿತಲ್ಲಿಯೇ ಬಟ್ಟೆ ಒದ್ದೆ ಮಾಡಿಕೊಂಡರು. ಮತ್ತೊಂದು ದಿನ ಆಟದ ಬಯಲಲ್ಲಿ ತಂಗಿಯನ್ನು ಫ್ರೆಂಚಿನಲ್ಲಿ ಕೂಗಿದ್ದಕ್ಕೆ, ಇನ್ನು ಫ್ರೆಂಚ್ ಮಾತನಾಡುವುದಿಲ್ಲವೆಂದು ಇನ್ನೂರು ಸಲ ಬರೆಯಿಸಿದರು. ತನ್ನ ಮಕ್ಕಳಿಗೆ ಆ ಗತಿ ಬೇಡವೆಂದು ಇವರು ಅವರೊಡನೆ ಫ್ರೆಂಚ್ ಆಡಲೇ ಇಲ್ಲ. 1968ರಲ್ಲಿ ಸರಕಾರವೇ ಫ್ರೆಂಚ್ ಭಾಷೆಯ ಉಳಿವಿಗಾಗಿ ಒಂದು ಮಂಡಳಿಯನ್ನು ರಚಿಸಿ ಹೊರದೇಶಗಳಿಂದ ಶಿಕ್ಷಕರನ್ನು ಕರೆಸತೊಡಗಿದಾಗ ಅವರಿಗೆ ನಗು ಬಂತೋ ಅಳು ಬಂತೋ ಎಂದು ಕೇಳಿದೆವು. ಎರಡೂ ಎಂದರು. ಈಗ ಮೊಮ್ಮಗ ಶಾಲೆಯಲ್ಲಿ ಕಲಿತ ಫ್ರೆಂಚಿನಲ್ಲಿ ಅವರೊಡನೆ ಮಾತನಾಡುತ್ತಾನೆ. ಅದು ಪುಸ್ತಕದ ಫ್ರೆಂಚು. ಮಗನಿಗೆ ಮಾತ್ರ ತಾಯಿ ಮತ್ತು ಮಗ ಆಡುವುದು ತಿಳಿಯದು. ಗಲ್ಲಾಪೆಟ್ಟಿಗೆಯ ಮುಂದಿದ್ದ ಆ ದಢೂತಿ ಮನುಷ್ಯನೇ ಅವರ ಮಗ. ಅವನು ನಮ್ಮ ಕಡೆ ನೋಡಿ ಭುಜ ಕುಣಿಸಿ ನಕ್ಕ.

ಕನ್ನಡಕ್ಕೆ ತಿರುಗಿಸುತ್ತಿದ್ದ ನಮ್ಮ ಮಗಳ ಧ್ವನಿ ನಡುವೆ ಒಮ್ಮೆ ತಡೆಯಿತು. ಮನೆಯಲ್ಲಿ ಮಗನೊಡನೆ ಕನ್ನಡ ಆಡುವುದನ್ನು ಅವನು ಮೂರು ವರ್ಷದವನಿದ್ದಾಗ ನಿಲ್ಲಿಸಿದವಳು ಅವಳೇ. ಶಿಶುವಿಹಾರದವರು ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆಂದು ಹೇಳಿದ್ದರಂತೆ. ಹಿಂದಿನ ರಾತ್ರಿ ಅವಳು ನಮಗೆ ಅದನ್ನು ಹೇಳಿರಲಿಲ್ಲ.

ಊಟವಾಯಿತು. ನಾವು ರೂಢಿಯಂತೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದೆವು. ಬಡಿಸುವವಳು ಗಾಬರಿಗೊಂಡು ಇನ್ನೂ ಬೇಕೇ ಎಂದು ಓಡಿಬಂದಳು. ಹುಡುಗ ತಲೆ ತಗ್ಗಿಸಲಿಲ್ಲ. ಅನ್ನದ ಒಂದು ಅಗುಳೂ ವ್ಯರ್ಥವಾಗಬಾರದೆಂದು ಅಜ್ಜ ಹಾಗೆ ಮಾಡುತ್ತಾನೆಂದು ಫ್ರೆಂಚಿನಲ್ಲಿ ಹೇಳಿದ. ಅವನು ಅಂದು ಉಂಡದ್ದೂ ನಮ್ಮ ಬಾಣಲೆಯದನ್ನೇ. ಮುಂದೆ ಏನು ಉಣ್ಣುವನೋ, ಅದು ಅವನಿಗೆ ಬಿಟ್ಟದ್ದು. ನಾವು ಅವನಿಂದ ಯಾವ ಮಾತನ್ನೂ ತೆಗೆದುಕೊಳ್ಳಲಿಲ್ಲ. ತಾಯಿಗೆ ಅದು ಅಸಮಾಧಾನವೇ.

ಹಣದ ವಿಷಯದಲ್ಲಿ ಜಗ್ಗಾಟವಾಯಿತು. ನಮ್ಮ ಊಟ ಬೆಲೆಪಟ್ಟಿಯಲ್ಲಿಲ್ಲ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ ಎಂಬುದು ಅಜ್ಜಿಯ ವಾದ. ಕೊನೆಗೆ ಅಳಿಯಂದಿರು ಉಳಿದವರ ಊಟದ ಲೆಕ್ಕ ತೆತ್ತು, ಮೇಜಿನ ಮೇಲೆ ಇನ್ನಷ್ಟು ಇಟ್ಟರು. ಹೊರಡುವಾಗ ಅಜ್ಜಿ ಒಂದು ಹಳದಿ ಡಬ್ಬಿ ಕಬ್ಬಿನ ಪಾಕವನ್ನು ನಮ್ಮ ಕೈಗಿಟ್ಟು ‘ಲಾನ್ಯಾಪ್’ ಎಂದರು. ವ್ಯಾಪಾರಿಯು ಲೆಕ್ಕ ಮುಗಿದ ಮೇಲೆ ಪ್ರೀತಿಯಿಂದ ಕೊಡುವ ಹೆಚ್ಚಿನ ವಸ್ತುವಿಗೆ ಆ ಸೀಮೆಯಲ್ಲಿ ಹಾಗೆನ್ನುತ್ತಾರೆ. ದಕ್ಷಿಣ ಅಮೆರಿಕದ ಕೆಚುವಾ ನುಡಿಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಲೂಯಿಸಿಯಾನಾದ ಫ್ರೆಂಚಿಗೆ ಬಂದ ಶಬ್ದ. ಮಾರ್ಕ್ ಟ್ವೈನ್ ತನ್ನ 1883ರ ಮಿಸಿಸಿಪಿ ನದಿಯ ಪ್ರವಾಸಗ್ರಂಥದಲ್ಲಿ ಇದನ್ನು ಮೆಚ್ಚಿ ಬರೆದಿದ್ದಾನೆ. ಹುಡುಗ ಇಷ್ಟೆಲ್ಲ ವಿವರಿಸುವ ಮೊದಲೇ ನಮ್ಮ ಬಾಯಿಂದ “ಕೊಸರು!” ಎಂದು ಹೊರಬಿದ್ದಿತ್ತು. ಸಂತೆಯಲ್ಲಿ ಕಾಯಿಪಲ್ಯೆ ತೂಗಿದ ಮೇಲೆ ಮುದುಕಿ ಚೀಲಕ್ಕೆ ಹಾಕುವ ಹಿಡಿ ಕೊತ್ತಂಬರಿ.

“ಕೊ-ಸ-ರು” ಎಂದ ಹುಡುಗ. ಕೊನೆಯ ಅಕ್ಷರ ಅವನ ಗಂಟಲಲ್ಲಿ ಫ್ರೆಂಚಿನ ಹಾಗೆ ಉರುಳಿತು. ಅಜ್ಜಿಯೂ ಹೇಳಿದರು. ಅವರದು ಇನ್ನೂ ಕೆಟ್ಟದಾಗಿತ್ತು. ಮೇಜಿನ ಕಂದು ಕಾಗದದ ಮೇಲೆ ನಾವು ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟೆವು. ಅವರು ಆ ತುಂಡನ್ನು ಹರಿದು, ಗಲ್ಲಾಪೆಟ್ಟಿಗೆಯ ಹಿಂದೆ ಅಕಾರ್ಡಿಯನ್ನಿನ ಪಕ್ಕದಲ್ಲಿ ಅಂಟಿಸಲು ಮಗನಿಗೆ ಹೇಳಿದರು. ಅವನು ತಲೆಕೆಳಗಾಗಿ ಅಂಟಿಸಿದ. ಹುಡುಗ ಕುರ್ಚಿ ಎಳೆದುಕೊಂಡು ಹತ್ತಿ ಅದನ್ನು ಸರಿಮಾಡಿದ. ಯಾವ ಕಡೆ ಮೇಲೆ ಎಂದು ನಮ್ಮನ್ನೊಮ್ಮೆ ಕೇಳಿಕೊಂಡ ಮೇಲೆ.